ಕಠಿಣ ಪದಗಳ ಪಟ್ಟಿ ಯಾರಿಗೆ ಬೇಕು?

ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳ ಹಳ್ಳಿಗಳಲ್ಲಿ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳು ಪಿಯುಸಿ ವಿಜ್ಞಾನಕ್ಕೆ ಸೇರಿದರೆ ವಿಷಯವನ್ನೂ ಭಾಷೆಯನ್ನೂ ಒಟ್ಟಿಗೇ ಕಲಿಯಬೇಕು. ಅಲ್ಲಿಯವರೆಗೆ ವೇಗೋತ್ಕರ್ಷವಾಗಿದ್ದದ್ದು ಆಕ್ಸಲರೇಷನ್ ಆಗುತ್ತದೆ, ದ್ಯುತಿಸಂಶ್ಲೇಷಣೆ ಫೋಟೊಸಿಂಥೆಸಿಸ್ ಆಗುತ್ತದೆ. ಇಂಗ್ಲಿಷ್ ಸುಧಾರಿಸಬೇಕು ಎಂದು ಹೊರಟವರಿಗೆ ಸುಲಭವಾಗಿ ಸಿಗುವುದು ‘ಅಡ್ವಾನ್ಸ್ಡ್ ವೊಕ್ಯಾಬ್ಯುಲರಿ’ ಪುಸ್ತಕ, ಇಲ್ಲವೇ ಮೊಬೈಲಿಗೆ ಬರುವ ‘ದಿನಕ್ಕೆ ಹತ್ತು ಪದ’. ಅದರಲ್ಲಿ ಯುಬಿಕ್ವಿಟಸ್, ಎಫೆಮೆರಲ್, ಲೊಕ್ವೇಷಸ್ ಮುಂತಾದ ಘನವಾದ ಪದಗಳಿರುತ್ತವೆ. ಆದರೆ ಈ ಮಕ್ಕಳು ಮುಗ್ಗರಿಸುವುದು ಅಲ್ಲಲ್ಲ. ವಿಜ್ಞಾನದ ಪಾರಿಭಾಷಿಕ ಪದಗಳಲ್ಲೂ ಅಲ್ಲ. ಅವನ್ನು ಉಪನ್ಯಾಸಕರು ಬೋರ್ಡಿನ ಮೇಲೆ ಬರೆದು ವಿವರಿಸುತ್ತಾರೆ. ಯಾರೂ ವಿವರಿಸದೆ ಬಿಡುವ ಪದಗಳು ಬೇರೆ: ಅಸ್ಯೂಮ್, ಡಿರೈವ್, ಇನ್ಫರ್, ವೇರ್‌ಆ್ಯಸ್, ರೆಸ್ಪೆಕ್ಟಿವ್ಲಿ. ಪ್ರಶ್ನೆಪತ್ರಿಕೆಯಲ್ಲಿ ‘ಅಕೌಂಟ್ ಫಾರ್’ ಎಂದಿದ್ದರೆ ಬ್ಯಾಂಕಿನ ಅಕೌಂಟ್ ಗೊತ್ತಿರುವ ಹುಡುಗನಿಗೂ ಕಾರಣ ಕೊಡಬೇಕೆಂದು ಹೊಳೆಯುವುದಿಲ್ಲ. ಉತ್ತರ ಗೊತ್ತಿದ್ದೂ ಅಂಕ ಹೋಗುತ್ತದೆ.

ಯಾವ ಪದ ಮೊದಲು, ಯಾವುದು ಆಮೇಲೆ ಎಂಬ ಪ್ರಶ್ನೆಗೆ ಉತ್ತರ ಹುಡುಕಿದವರಲ್ಲಿ ಮುಖ್ಯನಾದವನು ಮೈಕೇಲ್ ವೆಸ್ಟ್. ಆತ ಬ್ರಿಟಿಷರ ಕಾಲದಲ್ಲಿ ಢಾಕಾದಲ್ಲಿ ಶಿಕ್ಷಕರಿಗೆ ತರಬೇತಿ ಕೊಡುತ್ತಿದ್ದ. ಕಣ್ಣ ಮುಂದಿದ್ದದ್ದು ಬಂಗಾಳಿ ಮಾತಾಡುವ ಮಕ್ಕಳು. 1953ರಲ್ಲಿ ಆತ ಹೊರತಂದ, ಸುಮಾರು 2,000 ಮೂಲಪದಗಳ ಪಟ್ಟಿ ಇಂದಿಗೂ ಚರ್ಚೆಯಲ್ಲಿದೆ. ನ್ಯೂಜಿಲೆಂಡಿನ ಆವೆರಿಲ್ ಕಾಕ್ಸ್‌ಹೆಡ್ 2000ದಲ್ಲಿ ಕಾಲೇಜು ಮಟ್ಟದ ಬರಹಗಳನ್ನು ಎಣಿಸಿ ನೋಡಿದಾಗ, ಮುಕ್ಕಾಲು ಭಾಗ ವೆಸ್ಟ್ ಪಟ್ಟಿಯ ಪದಗಳೇ ಆಗಿದ್ದವು. ಅದರಾಚೆಗಿನ ಕೇವಲ 570 ಪದಕುಟುಂಬಗಳು (ಒಂದೇ ಮೂಲದ ಪದಗಳ ಗುಂಪುಗಳು) ಇನ್ನೊಂದು ಹತ್ತನೇ ಒಂದು ಭಾಗವನ್ನು ತುಂಬಿದ್ದವು. ಅಸ್ಯೂಮ್, ಡಿರೈವ್, ಇನ್ಫರ್ ಇರುವುದು ಆ 570ರಲ್ಲಿ. ಇವನ್ನು ಬಿಟ್ಟು ಲೊಕ್ವೇಷಸ್ ಬಾಯಿಪಾಠ ಮಾಡಿಸುವುದು ತೆಂಗಿನ ಬುಡ ಒಣಗಿಸಿ ಗರಿಗೆ ನೀರು ಚಿಮುಕಿಸಿದಂತೆ. ಅಮೆರಿಕದ ಪರೀಕ್ಷೆಗಳೇ ಈ ದಾರಿ ಬಿಟ್ಟಿವೆ: ಜಿಆರ್‌ಇ 2011ರಲ್ಲಿ ವಿರುದ್ಧಪದದ ಪ್ರಶ್ನೆಗಳನ್ನು ಕೈಬಿಟ್ಟಿತು, ಎಸ್‌ಎಟಿ 2016ರಲ್ಲಿ ಅಪರೂಪದ ಪದಗಳನ್ನು ಕೇಳುವುದನ್ನು ನಿಲ್ಲಿಸಿತು. ಅವರು ಬಿಟ್ಟ ಪಟ್ಟಿಯನ್ನು ನಾವು ಇನ್ನೂ ಜತನದಿಂದ ಇಟ್ಟುಕೊಂಡಿದ್ದೇವೆ!

ಸ್ಟಾಫ್ ಸೆಲೆಕ್ಷನ್ ಕಮಿಷನ್ ಪರೀಕ್ಷೆಯಲ್ಲಿ ಸಮಾನಾರ್ಥಕ, ವಿರುದ್ಧಾರ್ಥಕ ಪದಗಳನ್ನು ಕೇಳುತ್ತಾರಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. ಕೇಳುತ್ತಾರೆ, ನಿಜ. ಡಿಗ್ರಿ ಮುಗಿಸಿ ಆ ಪರೀಕ್ಷೆಗೆ ಕೂರುವವರು ಕಠಿಣ ಪದಗಳನ್ನು ಓದಲೇಬೇಕು. ಆದರೆ ಅದೇ ಪತ್ರಿಕೆಯಲ್ಲಿ ಗದ್ಯಭಾಗ ಕೊಟ್ಟು ಪ್ರಶ್ನೆ ಕೇಳುವುದೂ ಉಂಟು. ಅಲ್ಲಿ ಬುನಾದಿ ಇಲ್ಲದವರಿಗೆ ಪಟ್ಟಿ ನೆರವಾಗದು. ಮೊಬೈಲಿನಲ್ಲಿ ಅನುವಾದ ಸಿಗುವಾಗ ಪದ ಕಲಿಯುವ ಗೋಜೇಕೆ ಎನ್ನುವವರೂ ಇದ್ದಾರೆ. ಪರೀಕ್ಷಾ ಕೊಠಡಿಗೆ ಮೊಬೈಲ್ ಬಿಡುವುದಿಲ್ಲ ಎಂಬುದು ಸಣ್ಣ ಉತ್ತರ. ದೊಡ್ಡ ಉತ್ತರ ಓದಿನ ಸ್ವಭಾವದಲ್ಲಿದೆ. ಯಾರ ನೆರವೂ ಇಲ್ಲದೆ ಓದಿ ಅರ್ಥಮಾಡಿಕೊಳ್ಳಲು ನೂರಕ್ಕೆ 98 ಪದಗಳಾದರೂ ಗೊತ್ತಿರಬೇಕು ಎಂದು ಪದಕಲಿಕೆಯ ಸಂಶೋಧಕ ಪಾಲ್ ನೇಷನ್ ಮತ್ತಿತರರ ಅಧ್ಯಯನಗಳು ಹೇಳುತ್ತವೆ. ಅಂದರೆ ಐವತ್ತು ಪದಕ್ಕೆ ಒಂದು ಹೊಸ ಪದ. ಸಾಲಿಗೆ ನಾಲ್ಕು ಪದ ಗೊತ್ತಿಲ್ಲದವರು ಮೊಬೈಲ್ ನೋಡುತ್ತಾ ಕೂತರೆ, ಪ್ಯಾರಾ ಮುಗಿಯುವಷ್ಟರಲ್ಲಿ ಅದರ ಆರಂಭವೇ ಮರೆತುಹೋಗಿರುತ್ತದೆ.

ಇಂಗ್ಲಿಷನ್ನು ಇಂಗ್ಲಿಷಿನಲ್ಲೇ ಕಲಿಸಬೇಕು, ಕನ್ನಡ ಬೆರೆಸಿದರೆ ಕೆಡುತ್ತದೆ ಎಂಬುದು ಇದಕ್ಕಿಂತ ಹಟಮಾರಿ ಆಕ್ಷೇಪ. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2007ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಇದೆ, ಆದರೂ ತೊಡಕು ಉಳಿದೇ ಇದೆ. ಪದದ ಅರ್ಥವನ್ನು ಗೊತ್ತಿಲ್ಲದ ಇನ್ನೆರಡು ಇಂಗ್ಲಿಷ್ ಪದಗಳಲ್ಲಿ ಹೇಳಿದರೆ ಮಗು ನಿಂತಲ್ಲೇ ನಿಲ್ಲುತ್ತದೆ. ಕನ್ನಡದಲ್ಲಿ ಅರ್ಥ ಹೇಳಿ, ಇಂಗ್ಲಿಷ್ ವಾಕ್ಯದಲ್ಲಿ ಬಳಕೆ ತೋರಿಸುವುದೇ ಸರಿಯಾದ ಕ್ರಮ. ಅದಕ್ಕೆ ಬೇಕಾದ ಸಾಮಗ್ರಿಗೂ ನಮ್ಮಲ್ಲಿ ಬರವಿಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್–ಕನ್ನಡ ನಿಘಂಟು 1946ರಲ್ಲೇ ಬಂದಿತ್ತು. ವಾಕ್ಯಗಳೂ ಮಕ್ಕಳಿಗೆ ಗೊತ್ತಿರುವ ಲೋಕದಿಂದ ಬರಲಿ. ಲಕ್ಕವಳ್ಳಿಯ ಭದ್ರಾ ಅಣೆಕಟ್ಟು, ಅಜ್ಜಂಪುರದ ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರ, ಕಡೂರಿನ ಕೊಬ್ಬರಿ, ಈರುಳ್ಳಿ ಬೆಲೆಯ ಏರಿಳಿತ ಇವುಗಳ ಮೇಲೆ ಸರಳ ಇಂಗ್ಲಿಷಿನ ಪುಟಗಳಿದ್ದರೆ, ವಿಷಯ ಮೊದಲೇ ಗೊತ್ತಿರುವುದರಿಂದ ಹೊಸ ಪದದ ಅರ್ಥ ಊಹೆಗೆ ಸಿಗುತ್ತದೆ. ಮರೆವಿನ ಬಗ್ಗೆ ಜರ್ಮನ್ ಮನೋವಿಜ್ಞಾನಿ ಎಬ್ಬಿಂಗ್‌ಹೌಸ್ 1885ರಲ್ಲೇ ಬರೆದಿದ್ದಾನೆ: ಕಲಿತದ್ದರಲ್ಲಿ ಬಹುಪಾಲು ಮೊದಲ ಒಂದೆರಡು ದಿನದಲ್ಲೇ ಜಾರಿಹೋಗುತ್ತದೆ. ಹಾಗಾಗಿ ದಿನಕ್ಕೆ ಹತ್ತು ಹೊಸ ಪದಕ್ಕಿಂತ ಮೂರು ಹೊಸದು, ಏಳು ಹಳೆಯದು ಎಂಬ ಲೆಕ್ಕವೇ ವಾಸಿ. ಹಳೆಯದನ್ನು ಪುಸ್ತಕ ಮುಚ್ಚಿ ನೆನಪಿಸಿಕೊಳ್ಳಬೇಕು.

ಇದಕ್ಕೆ ಹೊಸ ಯೋಜನೆಯಾಗಲಿ, ಕೋಚಿಂಗ್ ಶುಲ್ಕವಾಗಲಿ ಬೇಕಿಲ್ಲ. ಮೂರೂ ತಾಲ್ಲೂಕುಗಳ ಪಿಯು ಕಾಲೇಜುಗಳಲ್ಲಿ ಇಂಗ್ಲಿಷ್ ಮತ್ತು ವಿಜ್ಞಾನದ ಉಪನ್ಯಾಸಕರು ಒಟ್ಟಿಗೆ ಕೂತು, ಹಿಂದಿನ ಐದು ವರ್ಷಗಳ ಪ್ರಶ್ನೆಪತ್ರಿಕೆಗಳಿಂದ ಅಸ್ಯೂಮ್, ಡಿರೈವ್‌ನಂಥ ಇನ್ನೂರು ಪದಗಳನ್ನು ಆರಿಸಲಿ. ಕನ್ನಡ ಅರ್ಥ, ಒಂದೊಂದು ವಾಕ್ಯ ಸೇರಿಸಿ ಮುದ್ರಿಸಿ, ತರಗತಿ ಶುರುವಾದ ಮೊದಲ ವಾರದಲ್ಲೇ ಮಕ್ಕಳ ಕೈಗಿಡಲಿ. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳಾದ ಅರಿವು ಕೇಂದ್ರಗಳಲ್ಲೂ ಒಂದೊಂದು ಪ್ರತಿ ಇರಲಿ.