ಮೋಡದ ಸುದ್ದಿ

ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲ್ಲೂಕಿನ ಐನಾಪುರದಂತಹ ಊರುಗಳಲ್ಲಿ ಬೇಸಗೆಯ ಕೊನೆಯ ದಿನಗಳು ನಂಬಿಕೆಗೆ ಅರ್ಹವಲ್ಲ. ಮಧ್ಯಾಹ್ನದವರೆಗೆ ಸುಡುವ ಬಿಸಿಲು. ಇಳಿಹೊತ್ತಿಗೆ ದಿಗಂತದಲ್ಲಿ ಅಂಗೈಯಗಲದ ಮೋಡ. ಸಂಜೆಯೊಳಗೆ ಗಾಳಿ, ಗುಡುಗು, ಸಿಡಿಲು. ಹೊಲದಲ್ಲಿರುವ ರೈತನೂ ಬಯಲಿನಲ್ಲಿರುವ ಕುರಿಗಾಹಿಯೂ ಮರದಡಿಗೆ ಓಡುತ್ತಾರೆ. ಸಿಡಿಲು ಎರಗುವುದು ಬಹುಮಟ್ಟಿಗೆ ಆ ಮರಕ್ಕೇ! ‘ಜಿಲ್ಲೆಯ ಕೆಲವೆಡೆ ಗುಡುಗು ಸಹಿತ ಮಳೆ’ ಎಂಬ ಬೆಳಗಿನ ಮುನ್ಸೂಚನೆ ಸುಳ್ಳಲ್ಲ. ಆದರೆ ಯಾವ ಊರಿಗೆ, ಎಷ್ಟು ಹೊತ್ತಿಗೆ ಎಂಬುದನ್ನು ಅದು ಹೇಳಲಾರದು.

ಹೇಳಬೇಕಾದರೆ ಮೋಡದ ಸುದ್ದಿ ಹಳಸುವ ಮೊದಲೇ ಕೈಸೇರಬೇಕು. 2016ರಲ್ಲಿ ಹಾರಿದ ಇನ್ಸಾಟ್-3ಡಿಆರ್, 2024ರಲ್ಲಿ ಹಾರಿದ ಇನ್ಸಾಟ್-3ಡಿಎಸ್ ಉಪಗ್ರಹಗಳ ನೆಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿದೆ. ಅಷ್ಟು ದೂರದಿಂದ ಸಂಕೇತವು ನೆಲಕ್ಕಿಳಿಯಲು ಸೆಕೆಂಡಿನ ಎಂಟನೆಯ ಒಂದು ಭಾಗ ಸಾಕು. ದೂರವು ವಿಳಂಬಕ್ಕೆ ಕಾರಣವಲ್ಲ. ಭೂಮಿಯ ಪೂರ್ಣ ಚಿತ್ರವನ್ನು ಸಾಲುಸಾಲಾಗಿ ತೆಗೆಯಲು ಉಪಗ್ರಹವೊಂದಕ್ಕೆ ಸುಮಾರು ಅರ್ಧ ಗಂಟೆ ಹಿಡಿಯುತ್ತದೆ; ಆ ಬಳಿಕ ತಿದ್ದುವಿಕೆ, ಲೆಕ್ಕಾಚಾರ, ರವಾನೆ. ಒಂಟಿ ಗುಡುಗುಮೋಡದ ಆಯುಸ್ಸಾದರೋ ಒಂದು ಗಂಟೆಯ ಆಸುಪಾಸು. ಚಿತ್ರವು ಗಣಕಯಂತ್ರವನ್ನು ತಲಪುವಷ್ಟರಲ್ಲಿ ಮೋಡವು ಸುರಿದು ಬರಿದಾಗಿರಬಹುದು. ಎರಡು ಉಪಗ್ರಹಗಳು ಸರದಿಯಂತೆ ಚಿತ್ರ ತೆಗೆದರೆ ಅಂತರವು ಕಾಲು ಗಂಟೆಗೆ ಇಳಿಯುತ್ತದೆ. ಜಪಾನಿನ ಹಿಮಾವರಿ ಉಪಗ್ರಹವು ಹತ್ತು ನಿಮಿಷಕ್ಕೊಮ್ಮೆ ಪೂರ್ಣ ಚಿತ್ರವನ್ನು ಕೊಡುತ್ತದೆ.

ಉಪಗ್ರಹಕ್ಕೆ ಕಾಣುವುದು ಮೋಡದ ನೆತ್ತಿ ಮಾತ್ರ. ಬುಡದಲ್ಲಿ ಮಳೆ ಬಿದ್ದಿತೇ ಎಂಬುದಕ್ಕೆ ನೆಲದ ಸಾಕ್ಷಿ ಬೇಕು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿಗಳಲ್ಲಿ ನಿಲ್ಲಿಸಿರುವ ಮಳೆಮಾಪಕಗಳು ಹದಿನೈದು ನಿಮಿಷಕ್ಕೊಮ್ಮೆ ಲೆಕ್ಕ ಒಪ್ಪಿಸುವಂಥವು. ಮೇಲಿನ ಚಿತ್ರವನ್ನೂ ಕೆಳಗಿನ ಲೆಕ್ಕವನ್ನೂ ಆಗಿಂದಾಗ್ಗೆ ಕೂಡಿಸಿ, ಮುಂದಿನ ಎರಡು ಮೂರು ಗಂಟೆಗಳ ಮುನ್ಸೂಚನೆಯನ್ನು ಮತ್ತೆ ಮತ್ತೆ ತಿದ್ದುವುದೇ ಯೋಗ್ಯವಾದ ದಾರಿ. ಗಳಿಗೆಗೊಂದು ಮಾತಾಡಿದರೆ ಜನರು ನಂಬುವರೇ ಎಂದು ಕೆಲವರು ಶಂಕಿಸುವುದುಂಟು. ಬಿತ್ತನೆಯ ದಿನವನ್ನು ನಿಶ್ಚಯಿಸುವವನಿಗೆ ಈ ಶಂಕೆ ಸಲ್ಲುತ್ತದೆ. ಗುಡುಗಿನ ಸದ್ದು ಕೇಳುತ್ತಿರುವ ಕುರಿಗಾಹಿಗೆ ಮಾತ್ರ ಬೆಳಗಿನ ಸ್ಥಿರವಾದ ಮಾತಿಗಿಂತ ಈಗಿನ ತಿದ್ದಿದ ಮಾತೇ ಮೇಲು.

ಇಷ್ಟೆಲ್ಲ ತ್ವರೆಯೂ ಊರ ಬಾಗಿಲಲ್ಲಿ ಸೋಲಬಹುದು. ಕುರಿಗಾಹಿಯ ಬಳಿ ಮೊಬೈಲ್ ಇರದೆ ಹೋಗಬಹುದು, ಇದ್ದರೂ ಸಂದೇಶವನ್ನು ಓದಲು ಅವನಿಗೆ ಬಾರದಿರಬಹುದು. ಹಿಂದೆ ಊರಿನ ಸುದ್ದಿಯನ್ನು ಡಂಗುರ ಸಾರಿ ತಿಳಿಸುತ್ತಿದ್ದರು. ಈಗ ಗುಡಿಗೂ ಮಸೀದಿಗೂ ಧ್ವನಿವರ್ಧಕಗಳಿವೆ. ಪಂಚಾಯಿತಿಯವರು ಆ ಮೂಲಕ ಒಮ್ಮೆ ಕೂಗಿಸಿದರೆ ಅಡವಿಯಂಚಿನ ಹೊಲದವರೆಗೂ ಕೇಳಿಸುತ್ತದೆ.