ಕೈಮರದ ದೀಪ ಉಳಿದರೆ ಸಾಲದು

ಬ್ರಿಟನ್ನಿನ ವೇಲ್ಸ್ ಪ್ರಾಂತದಲ್ಲಿ ಕಲ್ಲುಗಣಿಗಾಗಿ ಹಾಕಿದ್ದ ಟಾಲಿಲಿನ್ ರೈಲುದಾರಿಯನ್ನು 1951ರಲ್ಲಿ ಸ್ವಯಂಸೇವಕರು ವಹಿಸಿಕೊಂಡು ನಡೆಸತೊಡಗಿದರು. ಮುಚ್ಚಿಹೋಗಲಿದ್ದ ದಾರಿ ಉಳಿಯಿತು. ಅದನ್ನು ನೋಡಿ ಆ ದೇಶದಲ್ಲಿ ಇನ್ನೂ ಅನೇಕ ಹಳೆಯ ರೈಲುದಾರಿಗಳನ್ನು ಜನರೇ ಉಳಿಸಿಕೊಂಡರು. ಅವುಗಳಲ್ಲಿ ಕೆಲವೆಡೆ ಕೈಮರದ ದೀಪ ಇಂದಿಗೂ ಸೀಮೆಎಣ್ಣೆಯಿಂದಲೇ ಉರಿಯುತ್ತದೆ. ವಿದ್ಯುತ್ತು ಇರುವಾಗ ಈ ಹಟವೇಕೆಂದು ಓದುಗರು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ.

ಮೊದಲು ಕೆಲಸವೇನೆಂದು ನೋಡೋಣ. ದೀಪದೊಳಗಿನ ಉರಿ ಬಲು ಚಿಕ್ಕದು. ಮುಂದಿನ ಉಬ್ಬುಗಾಜು ಅದನ್ನು ದೂರಕ್ಕೆ ಕಾಣಿಸುತ್ತದೆ. ಒಮ್ಮೆ ಎಣ್ಣೆ ತುಂಬಿದರೆ ಎಂಟು ದಿನ ಉರಿಯುವ ದೀಪ ಬಂದ ಮೇಲೆ ದಿನವೂ ಏಣಿ ಹತ್ತುವುದು ತಪ್ಪಿತು. ಜಾಗರೂಕತೆ ತಪ್ಪಲಿಲ್ಲ. ಬತ್ತಿಯನ್ನು ಸಮನಾಗಿ ಕತ್ತರಿಸಬೇಕು. ಹಚ್ಚಿದೊಡನೆ ಬಿಟ್ಟುಬರುವಂತಿಲ್ಲ, ದೀಪ ಕಾದಂತೆ ಉರಿ ಏರುತ್ತದೆ, ಕಾದುನಿಂತು ಮತ್ತೆ ತಗ್ಗಿಸಬೇಕು. ಇಲ್ಲವಾದರೆ ಗಾಜಿಗೆ ಮಸಿ ಹಿಡಿದು ಬೆಳಕು ಮಂಕಾಗುತ್ತದೆ. ಎಣ್ಣೆಯಲ್ಲಿ ನೀರು ಸೇರಿದ್ದರೆ ನಡುರಾತ್ರಿ ದೀಪವೇ ಆರುತ್ತದೆ.

ಇದು ಸಣ್ಣ ಸಂಗತಿಯೆಂದು ಯಾರೂ ತಿಳಿಯಬಾರದು. ಹಿಂದೆ ಬ್ರಿಟನ್ನಿನಲ್ಲಿ ಬಿಳಿಯ ಬೆಳಕೆಂದರೆ 'ದಾರಿ ಸುಗಮ'. ಕೆಂಪು ಗಾಜು ಒಡೆದರೆ ಅಪಾಯದ ದೀಪವೇ ಬಿಳಿಯಾಗಿ ಕಂಡು ಬಂಡಿಯನ್ನು ಮುಂದಕ್ಕೆ ಕರೆಯುತ್ತಿತ್ತು. ಆದುದರಿಂದಲೇ 19ನೆಯ ಶತಮಾನದ ಕೊನೆಯ ಹೊತ್ತಿಗೆ ಹಸಿರು ಬಂತು. ಆ ಹಸಿರಿನ ಗಾಜು ನಿಜವಾಗಿ ನೀಲಿ ಬೆರೆತದ್ದು. ಎಣ್ಣೆಯ ಹಳದಿ ಉರಿ ಹಿಂದಿದ್ದಾಗ ಮಾತ್ರ ಅದು ಹಸಿರಾಗಿ ಕಾಣುತ್ತದೆ. ಗಾಜು, ಉರಿ, ಬತ್ತಿ ಕತ್ತರಿಸುವ ಕೈ—ಮೂರೂ ಸೇರಿ ಒಂದು ಯಂತ್ರ.

ದೊಡ್ಡ ರೈಲುಗಳಿಗೆ ವಿದ್ಯುತ್ತಿನ ದೀಪ ಬಂದುದನ್ನು ನಾವು ಸ್ವಾಗತಿಸುತ್ತೇವೆ. ಮಳೆಯಲ್ಲಿ ನೆನೆದ ಕಬ್ಬಿಣದ ಏಣಿಯನ್ನು ಕಾರ್ಮಿಕನು ಹತ್ತುತ್ತಲೇ ಇರಲಿ ಎಂದು ಬಯಸುವವನು ಕಾರ್ಮಿಕನ ಮಿತ್ರನಲ್ಲ. ಆದರೆ ಪರಂಪರೆಯೆಂದು ಕರೆದು ಟಿಕೆಟ್ ಮಾರುವ ದಾರಿಯಲ್ಲಿ ಹಳೆಯ ದೀಪದ ಗೂಡನ್ನಷ್ಟೇ ಇಟ್ಟು, ಅದನ್ನು ಬಲ್ಲ ಕೈಗಳನ್ನು ಮರೆಯುವುದನ್ನು ನಾವು ಒಪ್ಪಲಾರೆವು.

ಈ ಮಾತು ನಮ್ಮ ದೇಶಕ್ಕೂ ಸಲ್ಲುತ್ತದೆ. ಡಾರ್ಜಿಲಿಂಗ್ ರೈಲು 1999ರಲ್ಲಿ, ನೀಲಗಿರಿಯದು 2005ರಲ್ಲಿ, ಕಾಲ್ಕಾ–ಶಿಮ್ಲಾ 2008ರಲ್ಲಿ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿ ಸೇರಿದವು. ಎಂಜಿನು, ಸೇತುವೆ, ಸುರಂಗಗಳನ್ನು ಜನ ಕೊಂಡಾಡುತ್ತಾರೆ. ನಮ್ಮ ನಿಲ್ದಾಣಗಳಲ್ಲಿ ಸಂಜೆ ಸೀಮೆಎಣ್ಣೆಯ ದೀಪ ಹೊತ್ತು ಕೈಮರವೇರುತ್ತಿದ್ದವರನ್ನು ನೆನೆಯುವವರು ಎಷ್ಟು ಮಂದಿ?

ನಮ್ಮ ಬೇಡಿಕೆ ಸರಳವಾದುದು. ಎಣ್ಣೆದೀಪ ಉಳಿಸುವವರು ಭದ್ರವಾದ ಏಣಿಯನ್ನೂ ತಕ್ಕ ತರಬೇತಿಯನ್ನೂ ಕೊಡಲಿ; ಒಬ್ಬನನ್ನೇ ಮೇಲೆ ಕಳುಹಿಸದಿರಲಿ. ಕೆಲಸಬಲ್ಲ ಹಿರಿಯರು ಇರುವಾಗಲೇ ಅವರಿಗೆ ಗೌರವಧನವಿತ್ತು ಎಳೆಯರಿಗೆ ಕಲಿಸಲಿ, ಅವರ ಮಾತನ್ನು ಬರೆದಿಡಲಿ. ವಸ್ತುಸಂಗ್ರಹಾಲಯದಲ್ಲಿ ದೀಪದ ಪಕ್ಕದಲ್ಲಿ ಅದನ್ನು ಹಚ್ಚುತ್ತಿದ್ದವನ ಸಂಬಳವೆಷ್ಟು, ದುಡಿಮೆ ಎಷ್ಟು ತಾಸೆಂಬುದನ್ನೂ ಬರೆದು ತೂಗುಹಾಕಲಿ. ಇಷ್ಟು ಮಾಡಲಾಗದವರು ವಿದ್ಯುತ್ ದೀಪವನ್ನೇ ಹಾಕಿ, ಹಾಗೆಂದು ನೇರವಾಗಿ ಹೇಳುವುದು ಲೇಸು.