ಕೊಂಬಿನ ಶಿರಸ್ತ್ರಾಣಕ್ಕೆ ಪೂರ್ಣ ಅಂಕ

ಪರಿಚಿತರ ಮನೆಯೊಂದರಲ್ಲಿ ಏಳನೆಯ ತರಗತಿಯ ಬಾಲಕ ಶಾಲೆಗಾಗಿ ‘ಸ್ಕ್ಯಾಂಡಿನೇವಿಯಾದ ಸಂಸ್ಕೃತಿ’ ಎಂಬ ಚಾರ್ಟ್ ಸಿದ್ಧಪಡಿಸುತ್ತಿದ್ದ. ಡೆನ್ಮಾರ್ಕ್, ನಾರ್ವೆ, ಸ್ವೀಡನ್‌ಗಳ ಮೂರು ಧ್ವಜಗಳು, ಒಂದು ಹಿಮಸಾರಂಗ, ಕೊಂಬಿನ ಶಿರಸ್ತ್ರಾಣ ಧರಿಸಿದ ವೈಕಿಂಗ್ ಯೋಧ. ಚಿತ್ರಗಳನ್ನು ಕತ್ತರಿಸಿ ಅಂಟಿಸಿದವರು ತಾಯಿ. ಶೀರ್ಷಿಕೆ ಬರೆದವರು ತಂದೆ. ಅಂಕಗಳೇನೋ ಪೂರ್ತಿಯಾಗಿಯೇ ದೊರೆತವು.

ಆದರೆ ಆ ಕೊಂಬುಗಳು ಸುಳ್ಳು. ವೈಕಿಂಗ್ ಯುಗದ ಕೊಂಬುಳ್ಳ ಶಿರಸ್ತ್ರಾಣ ಒಂದೂ ಇದುವರೆಗೆ ಉತ್ಖನನದಲ್ಲಿ ದೊರೆತಿಲ್ಲ. 1943ರಲ್ಲಿ ನಾರ್ವೆಯಲ್ಲಿ ಸಿಕ್ಕಿದ್ದು ಕೊಂಬಿಲ್ಲದ, ದುಂಡನೆಯ ಕಬ್ಬಿಣದ ಶಿರಸ್ತ್ರಾಣ. ಕೊಂಬುಗಳನ್ನು ಜನಪ್ರಿಯಗೊಳಿಸಿದ್ದು 1876ರಲ್ಲಿ ಜರ್ಮನಿಯಲ್ಲಿ ಪ್ರದರ್ಶಿತವಾದ ವಾಗ್ನರನ ಸಂಗೀತನಾಟಕದ ವೇಷಭೂಷಣ. ಹೀಗೆ ಬಾಲಕ ಕಲಿತದ್ದು ಒಂದು ಜನಾಂಗವನ್ನಲ್ಲ, ಅದರ ವೇಷವನ್ನು. ಇದನ್ನು ನಾವು ಶಿಕ್ಷಣವೆಂದು ಕರೆಯುವುದು ಸರಿಯೇ?

ತಪ್ಪು ಮಗುವಿನದಲ್ಲ. ಸಂಸ್ಕೃತಿಯೆಂದರೆ ಸಮಾಜವಿಜ್ಞಾನದ ಒಂದು ದಿನದ ಅಲಂಕಾರವೆಂದು ನಂಬಿರುವ ನಮ್ಮದು. ಅದೇ ಬಾಲಕನ ಪುಸ್ತಕದ ಚೀಲವನ್ನು ತೆರೆದು ನೋಡಿ. ವಿಜ್ಞಾನದ ಪಾಠದಲ್ಲಿ ಉಷ್ಣಮಾಪಕವಿದೆ. ಅದರ ಅಳತೆಗೆ ತನ್ನ ಹೆಸರು ಬಿಟ್ಟುಹೋದ ಸೆಲ್ಸಿಯಸ್, ಸ್ವೀಡನ್ನಿನ ಉಪ್ಸಾಲಾದ ಖಗೋಳಶಾಸ್ತ್ರಜ್ಞ. 1742ರಲ್ಲಿ ಅವನು ಕುದಿಯುವ ನೀರಿಗೆ ಸೊನ್ನೆ, ಹೆಪ್ಪುಗಟ್ಟುವ ನೀರಿಗೆ ನೂರು ಎಂದು ಗುರುತಿಸಿದ್ದ; ಅದು ತಲೆಕೆಳಗಾದದ್ದು ಆಮೇಲೆ. ನಮ್ಮ ಹಿತ್ತಲಿನ ಮಾವಿಗೆ ‘ಮ್ಯಾಂಜಿಫೆರಾ ಇಂಡಿಕಾ’ ಎಂಬ ಶಾಸ್ತ್ರೀಯ ನಾಮವನ್ನು 1753ರಲ್ಲಿ ಕೊಟ್ಟ ಲಿನೇಯಸ್ ಕೂಡ ಉಪ್ಸಾಲಾದವನೇ. ವಿದ್ಯುತ್ ಹರಿಯುವ ತಂತಿಯ ಬಳಿ ದಿಕ್ಸೂಚಿಯ ಮುಳ್ಳು ಹೊರಳುವುದನ್ನು ಓರ್ಸ್ಟೆಡ್ ಕಂಡದ್ದು 1820ರಲ್ಲಿ, ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿ. ಗಣಿತಕ್ಕೆ ಬಂದರೆ, ಬಡತನದಲ್ಲಿ ನವೆದು 26ನೆಯ ವಯಸ್ಸಿಗೇ ತೀರಿಕೊಂಡ ನಾರ್ವೆಯ ಆಬೆಲ್ ಇದ್ದಾನೆ. ಅವನ ಹೆಸರಿನ ಪ್ರಶಸ್ತಿ 2007ರಲ್ಲಿ ಚೆನ್ನೈಯಲ್ಲಿ ಜನಿಸಿದ ವರದನ್ ಅವರಿಗೆ ಸಂದಿತು. ಮಕ್ಕಳ ಕೈಯಿಂದ ಇಳಿಯದ ಮೊಬೈಲಿನ ‘ಬ್ಲೂಟೂತ್’ ಎಂಬ ಹೆಸರು ಹತ್ತನೆಯ ಶತಮಾನದ ಡೆನ್ಮಾರ್ಕಿನ ಅರಸ ಹರಾಲ್ಡನ ಅಡ್ಡಹೆಸರು. ಡೇನರನ್ನು ಕ್ರೈಸ್ತರನ್ನಾಗಿ ಮಾಡಿದೆನೆಂದು ಅವನು ಯೆಲ್ಲಿಂಗ್ ಎಂಬ ಊರಿನಲ್ಲಿ ಕೆತ್ತಿಸಿದ ಬಂಡೆಗಲ್ಲು ಇಂದಿಗೂ ನಿಂತಿದೆ.

“ಪಠ್ಯ ಮುಗಿಸುವುದೇ ಕಷ್ಟ, ಇದಕ್ಕೆಲ್ಲ ಸಮಯವೆಲ್ಲಿ?” ಎಂದು ಕೇಳುವವರುಂಟು. ಹೆಚ್ಚಿನ ಸಮಯವೇ ಬೇಕಿಲ್ಲ. ಈ ಹೆಸರುಗಳಲ್ಲಿ ಹಲವು ಪಾಠಗಳಲ್ಲೇ ಇವೆ. ಇವನು ಯಾರು, ಎಂತಹ ನೆಲದವನು, ಅಲ್ಲಿ ಇಂತಹ ಪ್ರಶ್ನೆ ಏಕೆ ಹುಟ್ಟಿತು ಎಂದು ಕೇಳುವ ಹಿರಿಯರೊಬ್ಬರು ಸಾಕು.

ಹಾಗೆ ಕೇಳತೊಡಗಿದರೆ ಕಹಿಸತ್ಯಗಳೂ ಎದುರಾಗುತ್ತವೆ. ಚಾರ್ಟಿನಲ್ಲಿ ಅಂಟಿಸಿದ ಹಿಮಸಾರಂಗದ ಪಕ್ಕದಲ್ಲಿ ಅದನ್ನು ಸಾಕುವ ಸಾಮಿ ಜನರಿರಲಿಲ್ಲ. ಹತ್ತೊಂಬತ್ತನೆಯ ಶತಮಾನದಿಂದ ಮೊದಲ್ಗೊಂಡು ಹಲವು ತಲೆಮಾರುಗಳ ಕಾಲ ನಾರ್ವೆಯ ಶಾಲೆಗಳು ಅವರ ಮಕ್ಕಳ ಬಾಯಿಂದ ತಾಯ್ನುಡಿಯನ್ನು ಕಿತ್ತುಕೊಂಡವು. 1997ರಲ್ಲಿ ಅಲ್ಲಿನ ದೊರೆಯೇ ಸಾಮಿಗಳ ಸಂಸತ್ತಿನಲ್ಲಿ ಕ್ಷಮೆ ಯಾಚಿಸಿದರು. 2023ರಲ್ಲಿ ಸತ್ಯಶೋಧನಾ ಆಯೋಗದ ವರದಿ ದೇಶದ ಮುಂದೆ ಬಂತು. ಇದನ್ನು ಹೇಳದೆ ಹಿಮಸಾರಂಗವನ್ನು ಮಾತ್ರ ತೋರಿಸುವುದು ಅರ್ಧಸತ್ಯ. ಒಂದು ನಾಡಿನ ಸಾಧನೆಯನ್ನೂ ಅಪರಾಧವನ್ನೂ ಒಟ್ಟಿಗೆ ಕಲಿತ ಮಗು ಪರರನ್ನು ಪೂಜಿಸುವುದಿಲ್ಲ, ಹಳಿಯುವುದೂ ಇಲ್ಲ, ಅರಿತುಕೊಳ್ಳುತ್ತದೆ.

ಕಡೆಯದಾಗಿ, ಪೋಷಕರಾದ ನಮಗೇ ಆ ನಾಡು ಕಲಿಸುವ ಒಂದು ಪಾಠವಿದೆ. ಪ್ರತಿ ಧರ್ಮಕೇಂದ್ರದಲ್ಲೂ ಶಾಲೆಯಿರಬೇಕೆಂಬ ಶಾಸನ ಸ್ವೀಡನ್ನಿನಲ್ಲಿ ಬಂದದ್ದು 1842ರಲ್ಲಿ. ಆದರೆ ಮಕ್ಕಳೂ ಆಳುಗಳೂ ಓದಲು ಕಲಿಯಬೇಕೆಂದು 1686ರ ಚರ್ಚ್ ಕಾನೂನೇ ವಿಧಿಸಿತ್ತು. ಕಲಿಸುವ ಹೊಣೆ ಬಹುಪಾಲು ಮನೆಯವರದು. ಗುರುಗಳು ಮನೆಮಂದಿಯನ್ನು ಕೂಡಿಸಿ ಓದಿಸಿ ಪರೀಕ್ಷಿಸುತ್ತಿದ್ದರು. ಹಳ್ಳಿಯ ರೈತನೂ ದಿನದ ದುಡಿಮೆ ಮುಗಿಸಿ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಳ್ಳಬೇಕಾಗಿತ್ತು.

ನಾವಾದರೋ ಅಂಗಡಿಯಿಂದ ಚಿತ್ರ ತಂದು, ನಾವೇ ಅಂಟಿಸಿ, ಮಗುವಿನ ಹೆಸರು ಬರೆದು ಕಳುಹಿಸುತ್ತೇವೆ. ಮುಂದಿನ ಬಾರಿ ಕತ್ತರಿ, ಅಂಟುಗಳನ್ನು ಬದಿಗಿರಿಸಿ, ಮಗುವಿನ ವಿಜ್ಞಾನ ಪುಸ್ತಕವನ್ನು ಕೈಗೆತ್ತಿಕೊಂಡು ಅದರ ಪಕ್ಕದಲ್ಲಿ ಅರ್ಧ ಗಂಟೆ ಕುಳಿತುಕೊಳ್ಳೋಣ. ಅಂಕ ಎರಡು ಕಡಿಮೆಯಾದರೂ ಚಿಂತೆಯಿಲ್ಲ.